ಯಾವ ಲೀಗ್ ಗಟ್ಟಿ? ಯಾವ ತರಬೇತುದಾರ ಗಟ್ಟಿ?



ನಮ್ಮ ಗೋಡೆಪತ್ರಿಕೆಯಲ್ಲಿ ಇಲ್ಲಿಯವರೆಗೆ ಕಬಡ್ಡಿ, ಖೋ ಖೋ, ಕ್ರಿಕೆಟ್ ಬಗ್ಗೆ ಲೇಖನಗಳು ಬಂದಿವೆ. ಫುಟ್‌ಬಾಲ್ ಬಗ್ಗೆ ಯಾರೂ ಬರೆದಿಲ್ಲ. ನಮ್ಮ ಶಾಲೆಯಲ್ಲಿ ಇರುವ ಒಂದೇ ಫುಟ್‌ಬಾಲಿನಲ್ಲಿ ಗಾಳಿ ನಿಲ್ಲುವುದಿಲ್ಲ. ಅದು ಆಫೀಸು ರೂಮಿನ ಬೀರುವಿನ ಮೇಲೆ ಅಪ್ಪಚ್ಚಿಯಾಗಿ ಕೂತಿದೆ. ಆದರೂ ನಾನು ಬರೆಯಲು ಒಂದು ಕಾರಣ ಇದೆ. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ದೀಪಾವಳಿ ರಜೆಯಲ್ಲಿ ನಮ್ಮ ಮನೆ ಜಗಲಿಯಲ್ಲಿ ಮೂರು ರಾತ್ರಿ ಅಡಿಕೆ ಸುಲಿಯುವ ಕೆಲಸ ನಡೆಯಿತು. ಮೂರು ರಾತ್ರಿಯೂ ಮಾವನಿಗೂ ಅಣ್ಣನಿಗೂ ಜಗಳ. ಆಸ್ತಿ ಜಗಳ ಅಲ್ಲ, ಫುಟ್‌ಬಾಲ್ ಜಗಳ! ಮಾವ ಎಂಟು ವರ್ಷ ಕತಾರಿನಲ್ಲಿ ಡ್ರೈವರ್ ಆಗಿದ್ದವರು. ಅಲ್ಲಿ ರೂಮಿನವರ ಜೊತೆ ಟಿ.ವಿ. ನೋಡಿ ನೋಡಿ ಸ್ಪೇನ್ ದೇಶದ ರಿಯಲ್ ಮ್ಯಾಡ್ರಿಡ್ ತಂಡದ ಭಕ್ತರಾಗಿದ್ದಾರೆ. ಅಣ್ಣ ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾನೆ. ಅವನು ಇಂಗ್ಲೆಂಡಿನ ಮ್ಯಾಂಚೆಸ್ಟರ್ ಸಿಟಿ ತಂಡದ ಕಡೆ. ಜಗಳ ಇದ್ದದ್ದು ಪೆಪ್ ಗಾರ್ಡಿಯೋಲಾ ಎಂಬುವರ ಬಗ್ಗೆ. ಅವರು 2016ರಲ್ಲಿ ಮ್ಯಾಂಚೆಸ್ಟರ್ ಸಿಟಿಗೆ ಮ್ಯಾನೇಜರ್ ಆಗಿ ಬಂದವರು.

ಮ್ಯಾನೇಜರ್ ಅಂದರೆ ಬ್ಯಾಂಕಿನ ಮ್ಯಾನೇಜರ್ ಅಲ್ಲ. ಇಂಗ್ಲೆಂಡಿನಲ್ಲಿ ಫುಟ್‌ಬಾಲ್ ತಂಡದ ಮುಖ್ಯ ತರಬೇತುದಾರರನ್ನು ಹಾಗೆ ಕರೆಯುತ್ತಾರೆ. ಯಾರು ಆಡಬೇಕು, ಯಾರು ಹೊರಗೆ ಕೂರಬೇಕು, ಹೇಗೆ ಆಡಬೇಕು ಎಲ್ಲ ಅವರೇ ಹೇಳುವುದು. ಇನ್ನು ಲೀಗ್ ಅಂದರೆ ಪ್ರತಿ ತಂಡವೂ ಉಳಿದ ಎಲ್ಲ ತಂಡಗಳ ಜೊತೆ ಎರಡು ಸಲ ಆಡಬೇಕು, ಒಂದು ನಮ್ಮೂರಲ್ಲಿ, ಒಂದು ಅವರೂರಲ್ಲಿ. ಇಂಗ್ಲೆಂಡಿನ ಪ್ರೀಮಿಯರ್ ಲೀಗಿನಲ್ಲಿ 20 ತಂಡ. ಹಾಗಾಗಿ ಒಬ್ಬೊಬ್ಬರಿಗೆ 19×2=38 ಪಂದ್ಯ. ಸ್ಪೇನಿನ ಲಾ ಲಿಗಾದಲ್ಲೂ ಅಷ್ಟೇ. ಜರ್ಮನಿಯ ಬುಂಡೆಸ್‌ಲಿಗಾದಲ್ಲಿ 18 ತಂಡ, 34 ಪಂದ್ಯ. ಗೆದ್ದರೆ 3 ಅಂಕ, ಸಮ ಆದರೆ 1. ಫೈನಲ್ ಅಂತ ಇಲ್ಲ. ವರ್ಷದ ಕೊನೆಗೆ ಯಾರ ಅಂಕ ಹೆಚ್ಚೋ ಅವರೇ ಚಾಂಪಿಯನ್.

ಈಗ ಗಾರ್ಡಿಯೋಲಾ ಕತೆ. ಅವರು 1971ರಲ್ಲಿ ಸ್ಪೇನಿನ ಕೆಟಲೋನಿಯಾ ಪ್ರಾಂತ್ಯದಲ್ಲಿ ಹುಟ್ಟಿದರು. ಬಾರ್ಸಿಲೋನಾ ತಂಡದಲ್ಲಿ ಆಡಿ, 2008ರಿಂದ 2012ರವರೆಗೆ ಅದೇ ತಂಡದ ತರಬೇತುದಾರರಾದರು. ನಾಲ್ಕು ವರ್ಷದಲ್ಲಿ 14 ಕಪ್ಪು! ಅದರಲ್ಲಿ ಮೂರು ಲಾ ಲಿಗಾ, ಎರಡು ಚಾಂಪಿಯನ್ಸ್ ಲೀಗ್. ಆಮೇಲೆ 2013ರಿಂದ 2016ರವರೆಗೆ ಜರ್ಮನಿಯ ಬಯರ್ನ್ ಮ್ಯೂನಿಕ್. ಮೂರು ವರ್ಷಕ್ಕೆ ಮೂರು ಸಲವೂ ಲೀಗ್ ಗೆದ್ದರು. 2014ರಲ್ಲಂತೂ ಇನ್ನೂ ಏಳು ಪಂದ್ಯ ಬಾಕಿ ಇರುವಾಗಲೇ ಚಾಂಪಿಯನ್ ಆಗಿಬಿಟ್ಟರು.

ಆದರೆ ಮಾವ ಒಪ್ಪಲಿಲ್ಲ. "ಬೇಯಿಸಿಟ್ಟ ಅನ್ನಕ್ಕೆ ಒಗ್ಗರಣೆ ಹಾಕಿದ್ದು ಮಾರಾಯ! ಬಾರ್ಸಿಲೋನಾದಲ್ಲಿ ಮೆಸ್ಸಿ ಇದ್ದ. ಬಯರ್ನ್ ಹಿಂದಿನ ವರ್ಷವೇ ಮೂರು ಕಪ್ ಗೆದ್ದಿತ್ತು. ಅಂಥ ತಂಡ ಕೊಟ್ಟರೆ ಯಾರೂ ಗೆಲ್ತಾರೆ" ಅಂದರು. ಹಿಂದಿನ ವರ್ಷ ಅಂದರೆ 2012-13, ಆಗ ಬಯರ್ನಿಗೆ ಹೈಂಕೆಸ್ ತರಬೇತುದಾರರು. ಅದು ನಿಜವೇ.

ಅಣ್ಣ ಮೆಟ್ಟುಗತ್ತಿ ಬಿಟ್ಟು ಎದ್ದೇ ನಿಂತ. "ಹಾಗಾದ್ರೆ ಇಂಗ್ಲೆಂಡಿನಲ್ಲಿ? ಅದು ಪ್ರಪಂಚದಲ್ಲೇ ಗಟ್ಟಿ ಲೀಗ್. ಅಲ್ಲಿ 2018ರಿಂದ 2024ರ ಒಳಗೆ ಆರು ಸಲ ಚಾಂಪಿಯನ್ ಆದರಲ್ಲ ಮಾವ!" ಅಂದ. "ಎಂಥ ಗಟ್ಟಿ? ಸ್ಪೇನಿನ ಲೀಗೇ ಗಟ್ಟಿ" ಅಂದರು ಮಾವ. ಅಮ್ಮ ಒಳಗಿನಿಂದ "ಅಡಿಕೆ ಯಾರು ಸುಲಿಯೋದು?" ಅಂತ ಕೇಳಿದ ಮೇಲೆ ಇಬ್ಬರೂ ಕೂತರು.

ನಾನು ಸುಮ್ಮನೆ ಕೇಳುತ್ತಾ ಇದ್ದೆ. ಎರಡನೇ ರಾತ್ರಿ ನನಗೆ ಒಂದು ವಿಷಯ ಹೊಳೆಯಿತು. ಮಾವನ ಎರಡು ಮಾತು ಒಂದಕ್ಕೊಂದು ಕೂಡುವುದಿಲ್ಲ. ಸ್ಪೇನಿನ ಲೀಗೇ ಗಟ್ಟಿ ಅಂತಾದರೆ ಅಲ್ಲಿ ಗಾರ್ಡಿಯೋಲಾ ಮೂರು ಸಲ ಗೆದ್ದದ್ದು ಸುಲಭ ಹೇಗಾಗುತ್ತದೆ? ಅಣ್ಣನದೂ ಹಾಗೇ. ಇಂಗ್ಲೆಂಡಿನ ಲೀಗೇ ಗಟ್ಟಿ ಆದರೆ, 2014ರಿಂದ 2018ರವರೆಗೆ ಐದು ವರ್ಷವೂ ಚಾಂಪಿಯನ್ಸ್ ಲೀಗ್ ಸ್ಪೇನಿಗೇ ಯಾಕೆ ಹೋಯಿತು? ನಾಲ್ಕು ಸಲ ರಿಯಲ್ ಮ್ಯಾಡ್ರಿಡ್, ಒಂದು ಸಲ ಬಾರ್ಸಿಲೋನಾ. ನಾನು ಇದನ್ನು ಹೇಳಿದಾಗ ಇಬ್ಬರೂ ನನ್ನ ಮೇಲೇ ರೇಗಿದರು!

ಲೀಗ್ ಗಟ್ಟಿಯೋ ಟೊಳ್ಳೋ ಅಂತ ಹೇಗೆ ಗೊತ್ತಾಗುವುದು? ನಮ್ಮೂರ ಅಡಿಕೆ ಚೆನ್ನಾಗಿದೆಯೋ ಪಕ್ಕದ ಊರಿನದೋ ಅಂತ ಜಗಲಿಯಲ್ಲಿ ಕೂತು ಹೇಳಲಿಕ್ಕೆ ಆಗುವುದಿಲ್ಲ. ಎರಡೂ ಮಂಡಿಗೆ ಹೋಗಬೇಕು. ಅಲ್ಲಿ ಪಕ್ಕಪಕ್ಕ ಸುರಿದಾಗ ದರ ಗೊತ್ತಾಗುತ್ತದೆ. ಯುರೋಪಿನ ಲೀಗುಗಳಿಗೂ ಅಂಥ ಮಂಡಿ ಇದೆ. ಅದೇ ಚಾಂಪಿಯನ್ಸ್ ಲೀಗ್ ಮತ್ತು ಯುರೋಪಾ ಲೀಗಿನಂಥ ಪಂದ್ಯಾವಳಿಗಳು. ಅಲ್ಲಿ ಬೇರೆ ಬೇರೆ ದೇಶದ ತಂಡಗಳು ಎದುರಾಗುತ್ತವೆ.

ಅದರ ಲೆಕ್ಕವನ್ನು ಯುಇಎಫ್‌ಎ ಎಂಬ ಸಂಸ್ಥೆ ಇಡುತ್ತದೆ. ಅಣ್ಣ ಮೊಬೈಲಿನಲ್ಲಿ ತೋರಿಸಿದ, ನಮ್ಮ ಗಣಿತ ಮೇಷ್ಟ್ರಿಗೆ ಖುಷಿಯಾಗುವಂಥ ಲೆಕ್ಕ. ಒಂದು ದೇಶದ ತಂಡ ಅಲ್ಲಿ ಗೆದ್ದರೆ 2 ಅಂಕ, ಸಮ ಆದರೆ 1. ಅರ್ಹತಾ ಸುತ್ತಿನಲ್ಲಿ ಅದರ ಅರ್ಧ. ಮುಂದಿನ ಸುತ್ತುಗಳಿಗೆ ಹೋದರೆ ಇನ್ನಷ್ಟು ಅಂಕ. ಆ ದೇಶದ ಎಲ್ಲ ತಂಡಗಳ ಅಂಕ ಕೂಡಿಸಿ, ಎಷ್ಟು ತಂಡ ಹೋಗಿದ್ದವೋ ಅದರಿಂದ ಭಾಗಿಸಬೇಕು. ಹೀಗೆ ಐದು ವರ್ಷದ್ದು ಕೂಡಿಸಬೇಕು.

ಭಾಗಿಸುವುದು ಯಾಕೆ ಅಂತ ಅರ್ಥವಾಗದವರಿಗೆ ಒಂದು ಉದಾಹರಣೆ. ಹೋಬಳಿ ಮಟ್ಟದ ಖೋ ಖೋಗೆ ನಮ್ಮ ಕ್ಲಸ್ಟರಿನಿಂದ 4 ಶಾಲೆ ಹೋಗಿ ಒಟ್ಟು 5 ಪಂದ್ಯ ಗೆದ್ದವು ಅಂತ ಇಟ್ಟುಕೊಳ್ಳಿ. 10 ಅಂಕ. ಇನ್ನೊಂದು ಕ್ಲಸ್ಟರಿನಿಂದ 6 ಶಾಲೆ ಹೋಗಿ 6 ಪಂದ್ಯ ಗೆದ್ದವು. 12 ಅಂಕ. ಮೇಲ್ನೋಟಕ್ಕೆ ಅವರೇ ಮುಂದೆ. ಆದರೆ 10÷4=2.5, 12÷6=2. ನಾವೇ ಮುಂದೆ!

ಈ ಪಟ್ಟಿಯಲ್ಲಿ ಹಲವು ವರ್ಷ ಸ್ಪೇನ್ ಮೊದಲು ಇತ್ತು. 2021ರಲ್ಲಿ ಇಂಗ್ಲೆಂಡು ಮೇಲೆ ಬಂತು. ಅಂದರೆ 2016ರಲ್ಲಿ ಇಂಗ್ಲೆಂಡಿನವರು "ಇಲ್ಲಿಗೆ ಬಾ, ಆಗ ನೋಡೋಣ" ಅಂತ ಗಾರ್ಡಿಯೋಲಾಗೆ ಸವಾಲು ಹಾಕುತ್ತಿದ್ದಾಗ ಮಂಡಿಯಲ್ಲಿ ಸ್ಪೇನಿನ ದರವೇ ಹೆಚ್ಚಿತ್ತು. ಇದನ್ನು ಕೇಳಿ ಮಾವ ಮೀಸೆ ತಿರುವಿದರು. ಆದರೆ ಆಗ ಗಾರ್ಡಿಯೋಲಾ ಸ್ಪೇನಿನಲ್ಲಿ ಗೆದ್ದದ್ದನ್ನೂ ಅವರು ಒಪ್ಪಬೇಕಾಗುತ್ತದಲ್ಲ, ಅದನ್ನು ಮರೆತರು.

ಹಾಗಾದರೆ ಇಂಗ್ಲೆಂಡಿನವರು ಹೇಳುವುದು ಪೂರ್ತಿ ಸುಳ್ಳಾ? ಅಲ್ಲ. ಗಟ್ಟಿ ಅನ್ನುವ ಮಾತಿಗೆ ಎರಡು ಅರ್ಥ ಇದೆ ಅಂತ ನನಗೆ ಅನಿಸುತ್ತದೆ. ಒಂದು, ಮೇಲಿನ ತಂಡ ಎಷ್ಟು ಎತ್ತರ ಅನ್ನುವುದು. ಇನ್ನೊಂದು, ಕೆಳಗಿನ ತಂಡ ಎಷ್ಟು ತಗ್ಗು ಅನ್ನುವುದು. 2009-10ರಲ್ಲಿ ಸ್ಪೇನಿನಲ್ಲಿ ಬಾರ್ಸಿಲೋನಾ 99 ಅಂಕ, ರಿಯಲ್ ಮ್ಯಾಡ್ರಿಡ್ 96, ಮೂರನೇ ಸ್ಥಾನದ ವೆಲೆನ್ಸಿಯಾ 71. ನೋಡಿ, ಎರಡು ತೆಂಗಿನ ಮರ, ಉಳಿದದ್ದೆಲ್ಲ ಬಾಳೆಗಿಡ! ಜರ್ಮನಿಯಲ್ಲಿ ಬಯರ್ನ್ ಒಂದೇ ತಂಡ 2013ರಿಂದ 2023ರವರೆಗೆ ಸತತ 11 ಸಲ ಗೆದ್ದಿತು. 2024ರಲ್ಲಿ ಲೆವರ್‌ಕುಸೆನ್ ತಂಡ ಒಂದೂ ಪಂದ್ಯ ಸೋಲದೆ ಅದನ್ನು ಮುರಿಯಿತು.

ಇದಕ್ಕೆ ಒಂದು ಕಾರಣ ಟಿ.ವಿ. ದುಡ್ಡು. ಇಂಗ್ಲೆಂಡಿನಲ್ಲಿ ಲೀಗ್ ಒಟ್ಟಾಗಿ ಟಿ.ವಿ.ಯವರಿಗೆ ಹಕ್ಕು ಮಾರಿ, ದೇಶದೊಳಗಿನ ದುಡ್ಡಿನಲ್ಲಿ ಅರ್ಧವನ್ನು 20 ತಂಡಕ್ಕೂ ಸಮನಾಗಿ ಹಂಚುತ್ತದೆ. ಸ್ಪೇನಿನಲ್ಲಿ 2015ರಲ್ಲಿ ಕಾನೂನು ಬದಲಾಗುವವರೆಗೆ ಪ್ರತಿ ಕ್ಲಬ್ಬೂ ತನ್ನದನ್ನು ತಾನೇ ಮಾರುತ್ತಿತ್ತು. ದೊಡ್ಡ ಪಾಲು ಆ ಎರಡು ತೆಂಗಿನ ಮರಕ್ಕೇ ಹೋಗುತ್ತಿತ್ತು. ಹೀಗಾಗಿ ಇಂಗ್ಲೆಂಡಿನಲ್ಲಿ ಕೆಳಗಿನ ತಂಡವೂ ಒಳ್ಳೆ ಆಟಗಾರರನ್ನು ಕೊಳ್ಳಬಹುದು. ಎದುರಿಗೆ ಯಾರು ಬಂದರೂ ನಿದ್ದೆ ಮಾಡುವ ಹಾಗಿಲ್ಲ.

ಗಾರ್ಡಿಯೋಲಾಗೂ ಮೊದಲ ವರ್ಷ ಅದೇ ಆಯಿತು. 2016ರ ಡಿಸೆಂಬರಿನಲ್ಲಿ ಲೆಸ್ಟರ್ ಸಿಟಿ ಎದುರು 4-2ರಿಂದ ಸೋತರು. ಮುಂದಿನ ತಿಂಗಳು ಎವರ್ಟನ್ ಎದುರು 4-0. ವರ್ಷದ ಕೊನೆಗೆ 78 ಅಂಕ, ಮೂರನೇ ಸ್ಥಾನ, ಒಂದೂ ಕಪ್ಪಿಲ್ಲ. ಅಭಿಮಾನಿಗಳು, ಪತ್ರಿಕೆಯವರು ಎಲ್ಲ "ಇವರ ಆಟ ಇಲ್ಲಿ ನಡೆಯಲ್ಲ" ಅಂದರು. ಚೆಂಡನ್ನು ಗೋಲ್‌ಕೀಪರಿನಿಂದಲೇ ಸಣ್ಣ ಸಣ್ಣ ಪಾಸ್ ಕೊಟ್ಟು ತರುವುದು ಅವರ ಪದ್ಧತಿ. ಅದಕ್ಕೆ ಹೊಂದುವ ಜನ ತಂಡದಲ್ಲಿ ಇರಲಿಲ್ಲ. ಎರಡು ಬದಿಯ ಡಿಫೆಂಡರುಗಳು ನಾಲ್ಕು ಜನವೂ ಮೂವತ್ತು ದಾಟಿದವರು. 2017ರಲ್ಲಿ ಎಡೆರ್ಸನ್ ಎಂಬ ಹೊಸ ಗೋಲ್‌ಕೀಪರ್, ವಾಕರ್, ಮೆಂಡಿ, ಡನಿಲೋ ಎಂಬ ಹೊಸ ಡಿಫೆಂಡರುಗಳು ಬಂದರು. ಪದ್ಧತಿ ಬಿಡಲಿಲ್ಲ. ಮುಂದಿನ ವರ್ಷ 38ರಲ್ಲಿ 32 ಗೆಲುವು, 106 ಗೋಲು, ಸರಿಯಾಗಿ 100 ಅಂಕ! ಆ ಲೀಗಿನಲ್ಲಿ ಅದಕ್ಕೆ ಮುಂಚೆ ಯಾರೂ ನೂರು ಮುಟ್ಟಿರಲಿಲ್ಲ.

"ದುಡ್ಡು ಸುರಿದರೆ ನೂರಲ್ಲ, ನೂರಾಹತ್ತು ಬರ್ತದೆ" ಅಂದರು ಮಾವ. ಇದಕ್ಕೆ ಅಣ್ಣನ ಹತ್ತಿರ ಗಟ್ಟಿ ಉತ್ತರ ಇರಲಿಲ್ಲ. 2008ರಲ್ಲಿ ಅಬುಧಾಬಿಯವರು ಕೊಂಡ ಮೇಲೆ ಆ ಕ್ಲಬ್ಬಿಗೆ ದುಡ್ಡಿನ ಕೊರತೆ ಇರಲಿಲ್ಲ. ದುಡ್ಡಿನ ನಿಯಮ ಮುರಿದಿದ್ದಾರೆಂದು 2023ರಲ್ಲಿ ಲೀಗೇ ನೂರಕ್ಕೂ ಹೆಚ್ಚು ಆರೋಪ ಹೊರಿಸಿತು. ಕ್ಲಬ್ ಒಪ್ಪಲಿಲ್ಲ. ಗಾರ್ಡಿಯೋಲಾ ಆ ಮೂರೂ ದೇಶದಲ್ಲಿ ಸಣ್ಣ ತಂಡವನ್ನು ಹಿಡಿಯಲೇ ಇಲ್ಲ. ಹಿಡಿದಿದ್ದರೆ ಏನಾಗುತ್ತಿತ್ತು ಅಂತ ಯಾರೂ ಹೇಳಲಾರರು.

ನನಗೆ ಎಲ್ಲರಿಗಿಂತ ಇಷ್ಟವಾದದ್ದು ಕ್ಲಾಡಿಯೋ ರಾನಿಯೇರಿ ಅವರ ಕತೆ. ಇಟಲಿಯವರು. 2014ರ ನವೆಂಬರಿನಲ್ಲಿ ಅವರು ಗ್ರೀಸ್ ದೇಶದ ತರಬೇತುದಾರರಾಗಿದ್ದಾಗ ಫೆರೋ ದ್ವೀಪಗಳು ಎಂಬ ಪುಟ್ಟ ಜಾಗದ ತಂಡದ ಎದುರು ಸೋತರು. ಕೆಲಸ ಹೋಯಿತು. 2015ರಲ್ಲಿ ಲೆಸ್ಟರ್ ಸಿಟಿಗೆ ಬಂದರು. ಆ ತಂಡ ಗೆದ್ದರೆ ಒಂದಕ್ಕೆ ಐದು ಸಾವಿರ ಕೊಡುತ್ತೇವೆ ಅಂತ ಬಾಜಿ ಕಟ್ಟಿಸಿಕೊಳ್ಳುವವರು ಹೇಳಿದ್ದರು. 2016ರ ಮೇ ತಿಂಗಳಲ್ಲಿ ಲೆಸ್ಟರ್ ಚಾಂಪಿಯನ್! ಒಂಬತ್ತು ತಿಂಗಳಾದ ಮೇಲೆ, 2017ರ ಫೆಬ್ರವರಿಯಲ್ಲಿ, ತಂಡ ಸೋಲುತ್ತಿದೆ ಅಂತ ಅವರನ್ನೇ ತೆಗೆದರು. ಮನುಷ್ಯ ಒಬ್ಬನೇ. ಎರಡೂಕಾಲು ವರ್ಷದೊಳಗೆ ದಡ್ಡ, ಬುದ್ಧಿವಂತ, ಮತ್ತೆ ದಡ್ಡ. ನನಗಂತೂ ಪಾಪ ಅನಿಸಿತು.

ಮೂರನೇ ರಾತ್ರಿ ಮಂಡಿ ಲೆಕ್ಕವೇ ನಡೆಯಿತು. ಮಾವ 2022ರ ಸೆಮಿಫೈನಲ್ ತೆಗೆದರು. 90ನೇ ನಿಮಿಷದವರೆಗೆ ಸಿಟಿಯೇ ಮುಂದೆ. ಅಷ್ಟರಲ್ಲಿ ರಿಯಲ್ ಮ್ಯಾಡ್ರಿಡ್ಡಿನ ರೋಡ್ರಿಗೋ ಎಂಬ ಹುಡುಗ ಪಟಪಟನೆ ಎರಡು ಗೋಲು ಹೊಡೆದ. ಸಿಟಿ ಮನೆಗೆ. ಅಣ್ಣ 2023 ತೆಗೆದ. ಅದೇ ರಿಯಲ್ ಮ್ಯಾಡ್ರಿಡ್ಡನ್ನು 4-0 ಸೋಲಿಸಿ, ಇಸ್ತಾಂಬುಲ್ ಫೈನಲಿನಲ್ಲಿ ಇಟಲಿಯ ಇಂಟರ್ ತಂಡವನ್ನು 1-0 ಸೋಲಿಸಿದ್ದು. ಮಾವ 2024 ಮತ್ತು 2025 ತೆಗೆದರು. ಎರಡು ಸಲವೂ ಸಿಟಿ ಸೋತದ್ದು ರಿಯಲ್ ಮ್ಯಾಡ್ರಿಡ್ಡಿಗೇ. ಅಣ್ಣ ಮಾತು ತಿರುಗಿಸಿ ಬೆಂಗಳೂರು ಎಫ್‌ಸಿ ಕತೆ ಹೇಳಿದ. 2016ರಲ್ಲಿ ಬಾರ್ಸಿಲೋನಾದಲ್ಲಿ ಹಿಂದೆ ಸಹಾಯಕ ತರಬೇತುದಾರರಾಗಿದ್ದ ಆಲ್ಬರ್ಟ್ ರೋಕಾ ಬೆಂಗಳೂರಿಗೆ ಬಂದರು. ಭಾರತದ ಲೀಗ್ ಲೆಕ್ಕಕ್ಕಿಲ್ಲ ಅನ್ನುತ್ತಿದ್ದ ಕಾಲ. ಕಂಠೀರವ ಕ್ರೀಡಾಂಗಣದಲ್ಲಿ ಹಿಂದಿನ ಸಲದ ಚಾಂಪಿಯನ್ ಆಗಿದ್ದ ಮಲೇಶಿಯಾದ ಜೊಹೊರ್ ತಂಡವನ್ನು 3-1ರಿಂದ ಸೋಲಿಸಿ, ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ತಂಡವಾಯಿತು. ಫೈನಲಿನಲ್ಲಿ ಇರಾಕಿನ ತಂಡದ ಎದುರು ಸೋತಿತು. ಈ ಒಂದು ವಿಷಯಕ್ಕೆ ಮಾವ, ಅಣ್ಣ ಇಬ್ಬರೂ ಒಂದಾದರು.

ಈಗ ನಾನು ಇದನ್ನೆಲ್ಲ ಬರೆದ ಕಾರಣ. ನಮ್ಮ ಏಳನೇ ತರಗತಿಯಲ್ಲಿ ನಾವು 11 ಮಕ್ಕಳು. ಜೂನ್‌ನಲ್ಲಿ ನಾವೆಲ್ಲ ಪೇಟೆಯ ಹೈಸ್ಕೂಲಿಗೆ ಹೋಗಬೇಕು. ಅಲ್ಲಿ ಒಂದೊಂದು ಸೆಕ್ಷನ್ನಿನಲ್ಲಿ ಅರುವತ್ತು ಮಕ್ಕಳಂತೆ. ನಾನು ಐದನೇ ತರಗತಿಯಿಂದ ಫಸ್ಟ್ ಬರುತ್ತಿದ್ದೇನೆ. ಮೊನ್ನೆ ಮನೆಗೆ ಬಂದ ನೆಂಟರೊಬ್ಬರು "ಹನ್ನೊಂದರಲ್ಲಿ ಫಸ್ಟು ಎಂಥ ಫಸ್ಟು?" ಅಂದು ನಕ್ಕರು. ನಾನು ಒಳಗೆ ಹೋಗಿ ಕೂತೆ. ಉತ್ತರ ಗೊತ್ತಿರಲಿಲ್ಲ.

ಈಗ ಲೆಕ್ಕ ಮಾಡುವ ದಾರಿ ಗೊತ್ತಾಗಿದೆ. ನಮ್ಮ ಶಾಲೆಯಿಂದ ಹಿಂದಿನ ಐದು ವರ್ಷ ಪೇಟೆಗೆ ಹೋದವರ ಹೆಸರನ್ನು ಹೆಡ್‌ಮೇಷ್ಟ್ರು ರಿಜಿಸ್ಟರು ನೋಡಿ ಹೇಳಿದ್ದಾರೆ. ಒಟ್ಟು 47 ಜನ. ಅವರು ಎಂಟನೇ ತರಗತಿಯ ಮೊದಲ ವರ್ಷ ಎಷ್ಟು ಅಂಕ ತೆಗೆದರು, ಎರಡನೇ ವರ್ಷ ಎಷ್ಟು ಅಂತ ಬೇಕು. ಕೂಡಿಸಿ 47ರಿಂದ ಭಾಗಿಸುತ್ತೇನೆ. ಇಲ್ಲಿಯವರೆಗೆ 19 ಜನರದ್ದು ಸಿಕ್ಕಿದೆ. ಈ ಲೇಖನದ ಕೆಳಗೆ ದಾರ ಕಟ್ಟಿ ಒಂದು ಹಾಳೆ ತೂಗುಹಾಕಿದ್ದೇನೆ. ನಿಮ್ಮ ಅಣ್ಣ, ಅಕ್ಕ ಯಾರಾದರೂ ಅದರಲ್ಲಿ ಇದ್ದರೆ ಕೇಳಿಕೊಂಡು ಬಂದು ಬರೆಯಿರಿ. ಹೆಸರು ಬರೆಯಬೇಡಿ, ಅಂಕ ಸಾಕು. ಕಡಿಮೆ ಬಂದಿದ್ದರೂ ಸರಿಯಾಗಿಯೇ ಬರೆಯಿರಿ. ಪೆನ್ಸಿಲು ಪಕ್ಕದ ಕಿಟಕಿಯಲ್ಲಿದೆ.