‘ಭಾವ, ನಂಬರ್ ಕೊಡಿ, ಜಾತಕ ತೆಗೀತೀನಿ’

● ಮಗಳಿಗೆ ಗಂಡು ನೋಡುತ್ತಿದ್ದೇವೆ. ಹುಡುಗನ ಕಡೆಯವರು ಹೇಳುವುದೆಲ್ಲ ಚೆನ್ನಾಗಿಯೇ ಇದೆ, ಆದರೂ ಮನಸ್ಸಿಗೆ ಸಮಾಧಾನವಿಲ್ಲ. ನನ್ನ ಹೆಂಡತಿಯ ತಮ್ಮ ಪಿಎಸ್‌ಐ. ‘ಭಾವ, ಹುಡುಗನ ನಂಬರ್ ಕೊಡಿ, ಎರಡೇ ದಿನದಲ್ಲಿ ಜಾತಕ ತೆಗೀತೀನಿ’ ಅನ್ನುತ್ತಾನೆ. ಮನೆಯವನೇ ಅಲ್ಲವೇ, ಇದರಲ್ಲಿ ತಪ್ಪೇನು?
– ಓದುಗರೊಬ್ಬರು, ಹಾವೇರಿ

ಕೊಡಬೇಡಿ. ಹುಡುಗನಿಗಿಂತ ಹೆಚ್ಚಾಗಿ ನಿಮ್ಮ ಭಾವಮೈದುನನ ಹಿತಕ್ಕಾಗಿ ಹೇಳುತ್ತಿದ್ದೇನೆ.

ಅವರು ‘ಜಾತಕ’ ಅಂದದ್ದು ಬಹುಶಃ ಸಿಡಿಆರ್. ಯಾರು ಯಾರಿಗೆ ಯಾವ ಹೊತ್ತಿನಲ್ಲಿ ಕರೆ ಮಾಡಿದರು, ಆಗ ಯಾವ ಟವರಿನ ವ್ಯಾಪ್ತಿಯಲ್ಲಿದ್ದರು ಎಂಬ ಪಟ್ಟಿ. 2013ರಲ್ಲಿ ಅರುಣ್ ಜೇಟ್ಲಿ ರಾಜ್ಯಸಭೆಯ ವಿರೋಧ ಪಕ್ಷದ ನಾಯಕರಾಗಿದ್ದಾಗ ಅವರ ಕರೆ ವಿವರ ತೆಗೆಯಲು ಹೋಗಿ ದೆಹಲಿಯ ಕಾನ್‌ಸ್ಟೆಬಲ್ ಒಬ್ಬ ಬಂಧನಕ್ಕೊಳಗಾದ. ಆಮೇಲೆ ಕೇಂದ್ರ ಗೃಹ ಇಲಾಖೆ ನಿಯಮ ಬಿಗಿ ಮಾಡಿತು: ಸಿಡಿಆರ್ ಕೇಳಬೇಕಾದರೆ ಎಸ್‌ಪಿ ಅಥವಾ ಅದಕ್ಕಿಂತ ಮೇಲಿನ ದರ್ಜೆಯವರ ಮೂಲಕವೇ ಕೇಳಬೇಕು. ಹಾಗಾದರೆ ಪಿಎಸ್‌ಐ ಎರಡು ದಿನದಲ್ಲಿ ಹೇಗೆ ತರಿಸುತ್ತಾರೆ? ಯಾವುದೋ ಬೈಕ್ ಕಳವಿನ ಕ್ರೈಂ ನಂಬರಿನಡಿ ಹೋಗುವ ಪಟ್ಟಿಯಲ್ಲಿ ಇದೊಂದು ನಂಬರನ್ನೂ ತೂರಿಸಬೇಕು. ಅಂದರೆ ನಿಮ್ಮ ಭಾವೀ ಅಳಿಯ ಕಾಗದದ ಮೇಲೆ ಬೈಕ್ ಕಳ್ಳನ ಸಂಗಡಿಗನಾದ ಹಾಗೆ! ಆ ಕಾಗದ ಕಡತದಲ್ಲಿ ಹಾಗೇ ಉಳಿಯುತ್ತದೆ. ಸಂಬಂಧ ಮುರಿದು ಎರಡೂ ಮನೆಯವರಿಗೆ ಜಗಳ ಬಿದ್ದ ದಿನ ಅದನ್ನು ಹೊರಗೆಳೆಯಲು ಒಬ್ಬ ವಕೀಲ ಸಾಕು.

ಇನ್ನು ಠಾಣೆಯ ಕಂಪ್ಯೂಟರಿನಲ್ಲಿ ಹೆಸರು ಹಾಕಿ ಹಳೆಯ ಕೇಸು ಹುಡುಕುವುದು. ಅದಕ್ಕೆ ಯಾರ ಸಹಿಯೂ ಬೇಡ, ಆದ್ದರಿಂದಲೇ ಅದು ‘ಸಣ್ಣ ಸಹಾಯ’ ಅನ್ನಿಸುತ್ತದೆ. ಆದರೆ ಅಧಿಕಾರಿಗೆ ಲಾಗಿನ್ ಕೊಟ್ಟಿರುವುದು ಕೆಲಸಕ್ಕೆ, ಭಾವನ ಮನೆಯ ಮದುವೆಗಲ್ಲ. ಯಾರ ಲಾಗಿನ್‌ನಿಂದ ಯಾವ ಹೊತ್ತಿಗೆ ಏನು ಹುಡುಕಲಾಯಿತು ಎಂಬ ಜಾಡು ಇಂಥ ವ್ಯವಸ್ಥೆಗಳಲ್ಲಿ ಉಳಿಯುವಂಥದ್ದು.

ನಿಮ್ಮ ಆತಂಕ ನ್ಯಾಯವಾದದ್ದೇ, ಅದಕ್ಕೆ ನೇರ ದಾರಿಯೂ ಇದೆ. ಇ-ಕೋರ್ಟ್ಸ್ ಜಾಲತಾಣದಲ್ಲಿ ಜಿಲ್ಲೆ, ನ್ಯಾಯಾಲಯ, ವರ್ಷ ಆರಿಸಿ ಕಕ್ಷಿದಾರರ ಹೆಸರು ಹಾಕಿದರೆ ಪ್ರಕರಣಗಳು ಕಾಣುತ್ತವೆ. ಒಂದೇ ಹೆಸರಿನವರು ಹತ್ತು ಮಂದಿ ಇರುತ್ತಾರೆ, ತಂದೆಯ ಹೆಸರನ್ನೂ ತಾಳೆ ನೋಡಿ. 2016ರ ಸುಪ್ರೀಂ ಕೋರ್ಟ್ ಆದೇಶದಿಂದಾಗಿ, ಸೂಕ್ಷ್ಮ ಪ್ರಕರಣ ಬಿಟ್ಟು ಉಳಿದ ಎಫ್‌ಐಆರ್‌ಗಳನ್ನು ಪೊಲೀಸ್ ಜಾಲತಾಣಕ್ಕೆ ಹಾಕಬೇಕು. ಎಲ್ಲಕ್ಕಿಂತ ಸಲೀಸಾದದ್ದು, ಪೊಲೀಸ್ ವೆರಿಫಿಕೇಷನ್ ಪ್ರಮಾಣಪತ್ರ ಮಾಡಿಸಿಕೊಡಿ ಎಂದು ಹುಡುಗನನ್ನೇ ಕೇಳುವುದು. ಮುಖ ಊದಿಸಿಕೊಂಡರೆ ಅದೂ ಒಂದು ಮಾಹಿತಿಯೇ.

● ಪೊಲೀಸ್ ಇಲಾಖೆಯಲ್ಲಿರುವ ಒಬ್ಬರ ಜೊತೆ ನಿಶ್ಚಿತಾರ್ಥವಾಗಿ ಮುರಿದುಬಿತ್ತು. ನಂಬರ್ ಬದಲಿಸಿದೆ, ಬೆಂಗಳೂರಿನಲ್ಲಿ ಪಿಜಿಯನ್ನೂ ಬದಲಿಸಿದೆ. ವಾರದೊಳಗೆ ‘ಹೊಸ ನಂಬರ್ ಚೆನ್ನಾಗಿದೆ, ಹೊಸ ಏರಿಯಾನೂ’ ಎಂದು ಮೆಸೇಜ್ ಬಂತು. ದೂರು ಕೊಟ್ಟರೆ ಅವರವರೇ ಮುಚ್ಚಿಹಾಕುತ್ತಾರೆಂಬ ಭಯ.
– ಹೆಸರು ಬೇಡ

ಆ ಮೆಸೇಜ್ ಅಳಿಸಬೇಡಿ. ಅದು ಬೆದರಿಕೆಯಂತೆ ಕಾಣದಿರಬಹುದು, ಆದರೆ ನಿಮ್ಮ ಕೈಯಲ್ಲಿರುವ ಗಟ್ಟಿ ಸಾಕ್ಷ್ಯ ಅದೇ. ಬೇಡವೆಂದ ಮೇಲೂ ಹೆಣ್ಣನ್ನು ಮತ್ತೆ ಮತ್ತೆ ಸಂಪರ್ಕಿಸುವುದು, ಹಿಂಬಾಲಿಸುವುದು ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಮಿನಡಿ ಅಪರಾಧ; ಮೊದಲ ಸಲಕ್ಕೇ 3 ವರ್ಷದವರೆಗೆ ಸಜೆ. ‘ಇನ್ನು ಸಂಪರ್ಕಿಸಬೇಡಿ’ ಎಂದು ಒಂದೇ ಸಾಲು ಉತ್ತರಿಸಿ, ಮತ್ತೆ ಮಾತು ಬೆಳೆಸಬೇಡಿ.

ದೂರನ್ನು ಅವರ ಠಾಣೆಗೆ ಕೊಡಬೇಡಿ. ಅವರು ಕೆಲಸ ಮಾಡುವ ಜಿಲ್ಲೆಯ ಎಸ್‌ಪಿಗೆ, ನಗರವಾದರೆ ಕಮಿಷನರ್‌ಗೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ‘ಕಿರುಕುಳ ಕೊಡುತ್ತಿದ್ದಾರೆ’ ಎಂದಷ್ಟೇ ಬರೆದರೆ ಕರೆಸಿ ಬುದ್ಧಿ ಹೇಳಿ ಕಳಿಸುತ್ತಾರೆ. ಹೀಗೆ ಬರೆಯಿರಿ: ಇಂಥ ದಿನಾಂಕಗಳ ನಡುವೆ ನನ್ನ ಹೆಸರು, ನಂಬರ್, ಗಾಡಿ ಸಂಖ್ಯೆಯನ್ನು ಇಲಾಖೆಯ ಯಾವ ಲಾಗಿನ್‌ನಿಂದ ಹುಡುಕಲಾಗಿದೆ, ಯಾವ ಕ್ರೈಂ ನಂಬರಿನಡಿ ನನ್ನ ಮೊಬೈಲ್ ವಿವರ ತರಿಸಲಾಗಿದೆ ಎಂದು ಪರಿಶೀಲಿಸಿ, ಆ ದಾಖಲೆ ಕಾಯ್ದಿಡಿ. ಮುಚ್ಚಿಹಾಕುವುದು ಆಗ ಕಷ್ಟ.

ಒಂದು ತೊಡಕನ್ನೂ ಹೇಳಬೇಕು. ಕರ್ನಾಟಕ ಪೊಲೀಸ್ ಕಾಯ್ದೆಯ 170ನೇ ಕಲಮಿನಂತೆ, ಕರ್ತವ್ಯದ ನೆಲೆಯಲ್ಲಿ ಮಾಡಿದ್ದೆಂದು ಹೇಳಬಹುದಾದ ಕೆಲಸಕ್ಕೆ ಮೊಕದ್ದಮೆ ಹೂಡಲು ಸರ್ಕಾರದ ಅನುಮತಿ ಬೇಕು. ಅವರ ವಕೀಲರು ಹಿಡಿಯುವ ಮೊದಲ ಗುರಾಣಿಯೇ ಇದು. ಮಾಜಿ ಭಾವೀ ಪತ್ನಿಯ ವಿಳಾಸ ಹುಡುಕುವುದು ಯಾವ ಕರ್ತವ್ಯ ಎಂಬುದೇ ನಿಮ್ಮ ವಾದ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿದ ತೀರ್ಪು ನಿಮ್ಮ ಬೆನ್ನಿಗಿದೆ. ಆ ಅರ್ಜಿ ಹಾಕಿದವರು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

● ಪೊಲೀಸರು ಇಲಾಖೆಯ ಮಾಹಿತಿಯನ್ನು ಸ್ವಂತಕ್ಕೆ ಬಳಸುವ ಮಾತು ಬಂದರೆ, ಅಮೆರಿಕದಲ್ಲಿರುವ ಮಗ ‘ಇಲ್ಲೆಲ್ಲ ಹಾಗೆ ನಡೆಯಲ್ಲ ಅಪ್ಪ’ ಎನ್ನುತ್ತಾನೆ. ನಿಜವೇ?
– ಓದುಗರೊಬ್ಬರು, ಶಿವಮೊಗ್ಗ

ಮಗ ಸಂಭಾವಿತ. 2016ರಲ್ಲಿ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ ಲೆಕ್ಕ ತೆಗೆದಾಗ, 2013ರಿಂದ 2015ರೊಳಗೆ ದತ್ತಾಂಶ ದುರ್ಬಳಕೆಗಾಗಿ ಅಲ್ಲಿ ಪೊಲೀಸ್ ಸಿಬ್ಬಂದಿ ವಜಾ, ಅಮಾನತು ಅಥವಾ ರಾಜೀನಾಮೆಗೆ ಗುರಿಯಾದ ಪ್ರಕರಣಗಳು 325ಕ್ಕೂ ಹೆಚ್ಚು. ಹಳೆಯ ಪ್ರೇಯಸಿ, ನೆರೆಮನೆಯವರು, ಪತ್ರಕರ್ತರನ್ನು ಹುಡುಕಿದವರೂ ಅದರಲ್ಲಿದ್ದರು. ಜಾರ್ಜಿಯಾದ ಪೊಲೀಸ್ ಸಾರ್ಜೆಂಟ್ ಒಬ್ಬ ದುಡ್ಡು ಪಡೆದು ಹೆಂಗಸೊಬ್ಬಳ ಕಾರಿನ ನಂಬರ್ ಹುಡುಕಿಕೊಟ್ಟ. 2021ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ 6–3ರ ಬಹುಮತದಲ್ಲಿ ಹೇಳಿದ್ದು ಇಷ್ಟು: ಆ ದತ್ತಾಂಶ ನೋಡುವ ಅಧಿಕಾರ ಅವನಿಗಿತ್ತು, ದುರುದ್ದೇಶದಿಂದ ನೋಡಿದ ಎಂಬುದೊಂದರಿಂದಲೇ ಅದು ಕಂಪ್ಯೂಟರ್ ವಂಚನೆ ಕಾಯ್ದೆಯ ಅಪರಾಧವಾಗದು. ಬೀಗದ ಕೈ ಕೊಟ್ಟವರು ಕಳ್ಳತನದ ದೂರು ಕೊಡುವಂತಿಲ್ಲ ಎಂಬ ಈ ತರ್ಕ ನನಗಂತೂ ಇವತ್ತಿಗೂ ಒಪ್ಪಿಗೆಯಾಗಿಲ್ಲ.

● ನಾನು ಠಾಣೆಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಕಾನ್‌ಸ್ಟೆಬಲ್. ಸಾಹೇಬರು ಚೀಟಿಯಲ್ಲಿ ಗಾಡಿ ನಂಬರ್ ಬರೆದು ‘ಓನರ್ ಯಾರು ನೋಡು’ ಅನ್ನುತ್ತಾರೆ. ಯಾಕೆಂದು ಕೇಳುವಂತಿಲ್ಲ.
– ಹೆಸರು, ಊರು ಬೇಡ

ಯಾಕೆಂದು ಕೇಳಬೇಡಿ. ‘ಸರ್, ಯಾವ ಕ್ರೈಂ ನಂಬರಿಗೆ ಹಾಕಲಿ?’ ಎಂದು ಕೇಳಿ. ಇದು ಎದುರುತ್ತರವಲ್ಲ, ನಿಮ್ಮ ಕೆಲಸದ ಪ್ರಶ್ನೆ. ನಂಬರ್ ಇದ್ದರೆ ಹೇಳುತ್ತಾರೆ, ಇಲ್ಲದಿದ್ದರೆ ಬಹಳ ಸಲ ‘ಇರಲಿ ಬಿಡು’ ಅನ್ನುತ್ತಾರೆ. ಒತ್ತಾಯಿಸಿದರೆ ಚೀಟಿ ಹರಿಯಬೇಡಿ, ಹಿಂದೆ ದಿನಾಂಕ ಬರೆದಿಡಿ. ನಾಳೆ ವಿಚಾರಣೆ ಬಂದರೆ ಕಾಣುವುದು ಸಾಹೇಬರ ಹೆಸರಲ್ಲ, ನಿಮ್ಮ ಲಾಗಿನ್. ಪಾಸ್‌ವರ್ಡನ್ನು ಮಾನಿಟರಿನ ಅಂಚಿಗೆ ಅಂಟಿಸಿಕೊಂಡಿದ್ದರೆ ಇವತ್ತೇ ಕಿತ್ತುಹಾಕಿ, ಬದಲಿಸಿ.