ಇಂಗ್ಲೆಂಡಿನ ಪಬ್, ನಮ್ಮೂರ ಚಾವಡಿ

ಪ್ರಶ್ನೆ: ಇಂಗ್ಲೆಂಡಿನ ಹಳ್ಳಿಗಳಲ್ಲಿ ನೂರಾರು ವರ್ಷ ಹಳೆಯ ಪಬ್‌ಗಳನ್ನು ಉಳಿಸಿಕೊಂಡಿದ್ದಾರಂತೆ. ಆ ಕಟ್ಟಡಗಳ ವಿಶೇಷವೇನು? ನಮ್ಮ ಭಾಗದಲ್ಲಿ ಅಂಥದ್ದೇನಾದರೂ ಇದೆಯೇ?
— ಓದುಗರೊಬ್ಬರು, ಘಟಪ್ರಭಾ

ಉತ್ತರ: ಸಾಮರ್ಸೆಟ್ ಪ್ರಾಂತದ ನಾರ್ಟನ್ ಸೇಂಟ್ ಫಿಲಿಪ್ ಎಂಬ ಹಳ್ಳಿಯ ‘ಜಾರ್ಜ್ ಇನ್’ ಇದಕ್ಕೆ ಒಳ್ಳೆಯ ಉದಾಹರಣೆ. ಹತ್ತಿರದ ಹಿಂಟನ್ ಮಠದ ಸನ್ಯಾಸಿಗಳು ಉಣ್ಣೆಯ ಜಾತ್ರೆಗೆ ಬರುವ ವ್ಯಾಪಾರಿಗಳಿಗಾಗಿ ಮಧ್ಯಯುಗದಲ್ಲಿ ಇದನ್ನು ಕಟ್ಟಿಸಿದರು. ಕೆಳ ಅಂತಸ್ತು ಕಲ್ಲಿನದು. ಮೇಲಿನ ಅಂತಸ್ತುಗಳು ಮರದ ಚೌಕಟ್ಟಿನವು, ಬೀದಿಯ ಕಡೆಗೆ ತುಸು ಚಾಚಿಕೊಂಡಿವೆ. ಮಳೆ ಹರಿದುಹೋಗಲು ಕಡಿದಾದ ಚಾವಣಿ. ಅಲ್ಲಿಯ ಹಳೆಯ ಪಬ್‌ಗಳಲ್ಲಿ ಜನ ಕೂಡುತ್ತಿದ್ದದ್ದು ಗೋಡೆಯೊಳಗಿನ ದೊಡ್ಡ ಅಗ್ಗಿಷ್ಟಿಕೆಯ ಸುತ್ತ.

ನಮ್ಮ ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಜನ ಕೂಡುತ್ತಿದ್ದದ್ದು ಚಾವಡಿಯಲ್ಲಿ, ಹಣಮಪ್ಪನ ಗುಡಿಯ ಕಟ್ಟಿಯ ಮೇಲೆ. ಚಾವಡಿಯಲ್ಲಿ ಸೆರೆ ಮಾರುತ್ತಿರಲಿಲ್ಲ. ಗೌಡರು, ಕುಲಕರ್ಣಿಯವರು ಅಲ್ಲಿ ಕೂತು ಕಂದಾಯ ವಸೂಲಿ ಮಾಡುತ್ತಿದ್ದರು, ಹಿರಿಯರು ನ್ಯಾಯ ಹೇಳುತ್ತಿದ್ದರು, ದಾರಿಹೋಕರು ರಾತ್ರಿ ತಂಗುತ್ತಿದ್ದರು. ಆದರೆ ಅದರ ಮೆಟ್ಟಿಲು ಎಲ್ಲ ಜಾತಿಯವರಿಗೂ, ಹೆಂಗಸರಿಗೂ ಸಮನಾಗಿ ತೆರೆದಿರಲಿಲ್ಲ. ಅದನ್ನು ಮುಚ್ಚಿಟ್ಟು ಹೊಗಳುವುದು ಸರಿಯಲ್ಲ.

ಕಟ್ಟಡವಾಗಿ ನೋಡಿದರೆ ಚಾವಡಿ ನಮ್ಮ ನೆಲಕ್ಕೆ ತಕ್ಕಂತೆ ಬೆಳೆದದ್ದು. ಗೋಕಾಕ ಜಲಪಾತದಲ್ಲಿ ಘಟಪ್ರಭೆ ಸುಮಾರು 52 ಮೀಟರ್ ಧುಮುಕುವುದು ಗಟ್ಟಿ ಮರಳುಗಲ್ಲಿನ ಮೇಲಿಂದ. ಉತ್ತರಕ್ಕೆ ಸರಿದಂತೆ ಕರಿಗಲ್ಲು, ಎರೆಮಣ್ಣು. ಗೋಡೆಗೆ ಬೇಕಾದ ಕಲ್ಲಿಗಾಗಿ ದೂರ ಹೋಗಬೇಕಿರಲಿಲ್ಲ. ದಪ್ಪ ಗೋಡೆ, ಕಂಬದ ಮೇಲೆ ತೊಲಿ, ತೊಲಿಯ ಮೇಲೆ ಜಂತಿ, ಅದರ ಮೇಲೆ ಮಣ್ಣಿನ ಮಾಳಿಗಿ. ಮಳೆ ಕಡಿಮೆಯಾದ್ದರಿಂದ ಸಪಾಟು ಮಾಳಿಗಿಯೇ ಸಾಕಾಗುತ್ತಿತ್ತು, ಬೇಸಿಗೆಯಲ್ಲಿ ಒಳಗೆ ತಂಪೂ ಇರುತ್ತಿತ್ತು. ಕಂಬಗಳ ನಡುವಿನ ಅಂಕಣವೇ ಕಟ್ಟಡದ ಅಳತೆ. ಅಲ್ಲಿ ಚಳಿ ಜನರನ್ನು ಬೆಂಕಿಯ ಬಳಿಗೆ ಎಳೆದರೆ, ಇಲ್ಲಿ ಬಿಸಿಲು ಅವರನ್ನು ಬೀದಿಗೆ ತೆರೆದ ನೆರಳಿನ ಪಡಸಾಲಿಗೆ ಕರೆಯಿತು.

ಉಳಿಸುವ ವಿಷಯದಲ್ಲಿ ಮಾತ್ರ ಅವರು ನಮಗಿಂತ ಬಹಳ ಮುಂದಿದ್ದಾರೆ. 1947ರ ಕಾಯ್ದೆಯ ನಂತರ ಇಂಗ್ಲೆಂಡಿನಲ್ಲಿ ಹಳೆಯ ಕಟ್ಟಡಗಳನ್ನು ಪಟ್ಟಿ ಮಾಡಿ ರಕ್ಷಿಸುತ್ತಾರೆ. ಜಾರ್ಜ್ ಇನ್ ಆ ಪಟ್ಟಿಯ ಮೊದಲ ದರ್ಜೆಯಲ್ಲಿದೆ. ಅನುಮತಿ ಇಲ್ಲದೆ ಅದರ ರೂಪ ಬದಲಿಸುವಂತಿಲ್ಲ. ಗುಡಿ, ಕೋಟೆಗಳಿಗೆ ನಮ್ಮಲ್ಲೂ ರಕ್ಷಣೆ ಉಂಟು. ಊರ ಚಾವಡಿಯನ್ನು ಮಾತ್ರ ಯಾರೂ ಸ್ಮಾರಕವೆಂದು ನೋಡುವುದಿಲ್ಲ.

ನಿಮ್ಮೂರಿನಲ್ಲಿ ಹಳೆಯ ಚಾವಡಿ ಇನ್ನೂ ನಿಂತಿದ್ದರೆ, ಅದರ ಅಂಕಣ ಎಷ್ಟು, ಕಂಬ ಯಾವ ಮರದ್ದು ಎಂದು ಬರೆದಿಡಿ, ಫೋಟೊ ತೆಗೆದಿಡಿ. ಕೆಡವುವ ಮಾತು ಬಂದರೆ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ: ದುರಸ್ತಿ ಮಾಡಿ ವಾಚನಾಲಯ ಮಾಡಬಾರದೇಕೆ? ಈ ಸಲ ಅದರ ಮೆಟ್ಟಿಲು ಎಲ್ಲರಿಗೂ ತೆರೆದಿರಲಿ.