ಹಳೇ ಬುಲೆಟ್ಟಿಗೆ ಡ್ರಮ್ ರಬ್ಬರ್

ಶಿಕಾರಿಪುರದಲ್ಲಾಗಲಿ ಸೊರಬದಲ್ಲಾಗಲಿ, ಈಗಿನ ಬೈಕಿಗೆ ಡ್ರಮ್ ರಬ್ಬರ್ ಕೊಡಿ ಅಂದರೆ ಮಾತು ಮುಗಿಯುವುದರೊಳಗೆ ಪ್ಯಾಕೆಟ್ ಕೌಂಟರ್ ಮೇಲಿರುತ್ತದೆ. ಬಲಗಾಲಿಗೆ ಗೇರು, ಎಡಗಾಲಿಗೆ ಬ್ರೇಕು ಇರುವ ಹಳೇ ಬುಲೆಟ್ಟಿಗೆ ಅಂದರೆ ಅಂಗಡಿಯವರು ಒಮ್ಮೆ ಮುಖ ನೋಡುತ್ತಾರೆ. ಅಂಥ ಗಾಡಿಗಳು ಇಲ್ಲಿ ಇನ್ನೂ ಇವೆ. ಕೆಲವು ತೋಟದ ಮನೆಯ ಕೊಟ್ಟಿಗೆಯಲ್ಲಿ ಗೋಣಿಚೀಲ ಹೊದ್ದು ನಿಂತಿವೆ, ಕೆಲವು ಇವತ್ತಿಗೂ ಶಿರಾಳಕೊಪ್ಪದ ರಸ್ತೆಯಲ್ಲಿ ಸದ್ದು ಮಾಡುತ್ತವೆ. ಅವುಗಳ ಹಿಂದಿನ ಬ್ರೇಕ್ ಬಿಚ್ಚಿ ಕಟ್ಟುತ್ತಾ ಕಲಿತದ್ದನ್ನು ಬರೆದಿದ್ದೇನೆ.

1. ಹೋಗಿರುವುದು ರಬ್ಬರೇ ಹೌದಾ, ಮೊದಲು ನೋಡಿ

ಹಳೇ ಬುಲೆಟ್ಟಿನಲ್ಲಿ ಬ್ರೇಕ್ ಡ್ರಮ್ಮೂ ಹಿಂದಿನ ಸ್ಪ್ರಾಕೆಟ್ಟೂ ಒಂದೇ ತುಂಡು. ಆ ತುಂಡಿಗೂ ಚಕ್ರದ ಹಬ್ಬಿಗೂ ನಡುವೆ ಆರು ರಬ್ಬರ್ ತುಂಡುಗಳಿವೆ. ಇಂಜಿನ್ನಿನ ಎಳೆತ ಚಕ್ರಕ್ಕೆ ಹೋಗುವುದೂ ಇವುಗಳ ಮೂಲಕ, ಬ್ರೇಕಿನ ಹಿಡಿತ ಹೋಗುವುದೂ ಇವುಗಳ ಮೂಲಕ. ಹಾಗಾಗಿ ರಬ್ಬರ್ ಸವೆದರೆ ಬ್ರೇಕ್ ಒತ್ತಿದಾಗ ಹಿಂದೆ ‘ಟಕ್’ ಅನ್ನುತ್ತದೆ, ಜನ ಲೈನರ್ ಬದಲಾಯಿಸುತ್ತಾರೆ, ಸದ್ದು ಹಾಗೇ ಉಳಿಯುತ್ತದೆ.

ಪರೀಕ್ಷೆ ಸುಲಭ. ಗಾಡಿಯನ್ನು ದೊಡ್ಡ ಸ್ಟ್ಯಾಂಡಿಗೆ ಹಾಕಿ, ಒಬ್ಬರು ಹಿಂದಿನ ಬ್ರೇಕನ್ನು ಗಟ್ಟಿಯಾಗಿ ಒತ್ತಿ ಹಿಡಿಯಲಿ, ಇನ್ನೊಬ್ಬರು ಟೈರನ್ನು ಹಿಂದೆ ಮುಂದೆ ಆಡಿಸಲಿ. ಬ್ರೇಕ್ ಹಿಡಿದಾಗ ಡ್ರಮ್ ಅಲ್ಲಾಡುವಂತಿಲ್ಲ. ಆದರೂ ಟೈರಿನ ಅಂಚು ಆಡುತ್ತಿದ್ದರೆ ಅದು ರಬ್ಬರಿನ ಆಟ. ಈ ಆಟ ಟೈರಿನ ಅಂಚಿನಲ್ಲಿ ಅರ್ಧ ಇಂಚಿನಿಂದ ಒಂದು ಇಂಚು ದಾಟಿತೆಂದರೆ ಬದಲಾಯಿಸಿ ಎನ್ನುತ್ತದೆ ಎನ್‌ಫೀಲ್ಡಿನ ಹಳೇ ಕೈಪಿಡಿ. ನಾನು ಅರ್ಧ ಇಂಚಿಗೇ ಬಿಚ್ಚುತ್ತೇನೆ.

2. ಅಳತೆಗೆ ಯಾವ ತುಂಡು ಅನ್ನುವುದು ಮುಖ್ಯ

ಬಿಚ್ಚಿದ ಮೇಲೆ ಆರನ್ನೂ ಸಾಲಾಗಿ ಇಡಿ, ಯಾವುದು ಎಲ್ಲಿತ್ತು ಎಂದು ಸೀಮೆಸುಣ್ಣದಲ್ಲಿ ಗುರುತು ಹಾಕಿ. ಒಂದು ಬಿಟ್ಟು ಒಂದು ಹೆಚ್ಚು ಜಜ್ಜಿಹೋಗಿರುವುದು ಕಾಣುತ್ತದೆ. ಮೂರು ತುಂಡು ಇಂಜಿನ್ನಿನ ಎಳೆತ ಹೊರುತ್ತವೆ, ಉಳಿದ ಮೂರಕ್ಕೆ ಬ್ರೇಕ್ ಹಿಡಿದಾಗ, ಥ್ರಾಟಲ್ ಬಿಟ್ಟು ಇಳಿಜಾರು ಇಳಿಯುವಾಗ ಮಾತ್ರ ಕೆಲಸ. ಎಳೆತದ ಮೂರು ಚಪ್ಪಟೆಯಾಗಿ, ಅಂಚಿನಲ್ಲಿ ಸೀಳು ಬಿಟ್ಟು, ಉಗುರಿನಲ್ಲಿ ಗೀಚಿದರೆ ಕಪ್ಪು ಪುಡಿ ಉದುರಿಸುತ್ತವೆ. ಬ್ರೇಕಿನ ಮೂರು ಬಹುಪಾಲು ಮೂಲ ಆಕಾರದಲ್ಲೇ ಇರುತ್ತವೆ.

ಅಂಗಡಿಗೆ ಒಯ್ಯಬೇಕಾದ್ದು ಈ ಎರಡನೇ ಗುಂಪಿನದು. ಹೆಚ್ಚಿನವರು ‘ಇದು ಹೋಗಿದೆ ನೋಡಿ’ ಎಂದು ಕೆಟ್ಟಿದ್ದನ್ನೇ ಜೇಬಿಗೆ ಹಾಕಿಕೊಂಡು ಹೋಗುತ್ತಾರೆ. ಸವೆದಿದ್ದಕ್ಕೆ ಸರಿಹೊಂದುವ ಹೊಸದು ಸಿಕ್ಕಿತೆಂದರೆ ಅದು ಸಣ್ಣದೇ ಆಗಿರುತ್ತದೆ. ಇನ್ನೂ ಒಳ್ಳೆಯದೆಂದರೆ ಹಬ್ಬಿನ ಗೂಡನ್ನೇ ಕ್ಯಾಲಿಪರಿನಲ್ಲಿ ಅಳೆದು ಬರೆದುಕೊಳ್ಳುವುದು. ಕಬ್ಬಿಣ ರಬ್ಬರಿನಷ್ಟು ಸುಳ್ಳು ಹೇಳುವುದಿಲ್ಲ.

3. ಹುಡುಕಾಟದ ದಾರಿ

ಮೊದಲು ಊರಲ್ಲೇ ಕೇಳಿ, ಆದರೆ ಹೊಸ ಅಂಗಡಿಯಲ್ಲಲ್ಲ, ಹಳೇ ಗ್ಯಾರೇಜುಗಳಲ್ಲಿ. ಆನವಟ್ಟಿ, ಶಿರಾಳಕೊಪ್ಪದಂಥ ಊರುಗಳಲ್ಲಿ ಬುಲೆಟ್ ಕೆಲಸ ಬಿಟ್ಟ ಮೇಸ್ತ್ರಿಗಳ ಡಬ್ಬಿಯಲ್ಲಿ ಏನಾದರೂ ಇರುತ್ತದೆ. ಆಮೇಲೆ ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್. ಅಲ್ಲೂ ಆಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆಗೆ ಫೋನು ಮಾಡಿ, ಬಸ್ಸಿನಲ್ಲಿ ಪಾರ್ಸೆಲ್ ತರಿಸಿಕೊಳ್ಳಿ.

‘ಯಾವ ವರ್ಷದ್ದು ಅಣ್ಣಾ?’ ಎಂದೇ ಅಂಗಡಿಯವರು ಶುರುಮಾಡುತ್ತಾರೆ. ವರ್ಷದ ಜೊತೆ ಮಿಲಿಮೀಟರ್ ಲೆಕ್ಕವನ್ನೂ ಹೇಳಿ. ಆರ್‌ಸಿ ಪುಸ್ತಕದಲ್ಲಿರುವುದು ಗಾಡಿಯ ವರ್ಷ. ಹಿಂದಿನ ಚಕ್ರ ಯಾವ ಗಾಡಿಯಿಂದ ಬಂದದ್ದೋ ಯಾರಿಗೆ ಗೊತ್ತು! ನಮ್ಮ ಪುಣ್ಯಕ್ಕೆ, 1955ರಲ್ಲಿ ಮದರಾಸಿನಲ್ಲಿ ಶುರುವಾದ ಎನ್‌ಫೀಲ್ಡ್ ಇಂಡಿಯಾ ಬುಲೆಟ್ಟಿನ ಮೂಲ ವಿನ್ಯಾಸವನ್ನು ದಶಕಗಟ್ಟಲೆ ಹೆಚ್ಚು ಕದಲಿಸಲಿಲ್ಲ. ಅದಕ್ಕೇ ಇಂದಿಗೂ ಈ ತುಂಡು ಸಿಗುತ್ತದೆ. ಮೈಸೂರಿನ ಜಾವಾ, ಯೆಜ್ಡಿ ಕಾರ್ಖಾನೆ 1996ರಲ್ಲೇ ನಿಂತಿತು. ಆ ಗಾಡಿಗಳ ಹಬ್ಬಿನ ಕಥೆ ಬೇರೆ, ಅದನ್ನು ಇಲ್ಲಿ ಎಳೆಯುವುದಿಲ್ಲ.

4. ‘ಒರಿಜಿನಲ್, ಹಳೇ ಸ್ಟಾಕು’ ಎಂದರೆ ಕೈ ಮುಗಿಯಿರಿ

ಗೇರಿನ ಹಲ್ಲು, ಬೇರಿಂಗು, ಇಂಥವು ಮೂವತ್ತು ವರ್ಷ ಪ್ಯಾಕೆಟ್ಟಿನಲ್ಲಿದ್ದರೂ ತುಕ್ಕು ಹಿಡಿಯದಿದ್ದರೆ ಚಿನ್ನ. ರಬ್ಬರ್ ಹಾಗಲ್ಲ. ಯಾರೂ ಮುಟ್ಟದೆ ಇಟ್ಟರೂ ಗಾಳಿ ತಾಗಿ ಗಡುಸಾಗುತ್ತದೆ. ಕಂಪನಿಯ ಮುದ್ರೆ ಇರುವ ಹಳೇ ಪ್ಯಾಕೆಟ್ಟಿಗೆ ಎರಡು ಪಟ್ಟು ಹಣ ಕೇಳುವವರಿದ್ದಾರೆ. ಕೊಡುವ ಮೊದಲು ತುಂಡನ್ನು ಬೆರಳಲ್ಲಿ ಮಡಚಿ, ಮಡಿಕೆಯಲ್ಲಿ ಕೂದಲೆಳೆಯಂಥ ಬಿರುಕು ಕಂಡರೆ ವಾಪಸ್ ಕೊಡಿ. ಹೆಸರಿಲ್ಲದ ಕಂಪನಿಯ ತಾಜಾ ರಬ್ಬರ್ ಇದಕ್ಕಿಂತ ವಾಸಿ.

ತಾಜಾದಲ್ಲೂ ಮೋಸವಿದೆ. ಬಿಳಿ ಹಾಳೆಯ ಮೇಲೆ ಉಜ್ಜಿ ನೋಡಿ, ಪೆನ್ಸಿಲ್ಲಿನಂತೆ ಕಪ್ಪು ಬಳಿದರೆ, ಉಗುರು ಒತ್ತಿದ ಗುರುತು ಹಾಗೇ ಉಳಿದರೆ, ನನಗೆ ಅದು ಬೇಡ. ಬಣ್ಣ ಬಣ್ಣದ ಪಾಲಿಯುರೆಥೇನ್ ತುಂಡುಗಳೂ ಬಂದಿವೆ. ಬಾಳಿಕೆ ಬರುತ್ತವೆ ನಿಜ, ಆದರೆ ಗಡುಸು ಹೆಚ್ಚು. ಮೆತ್ತೆ ತಿನ್ನಬೇಕಾದ ಪೆಟ್ಟನ್ನು ಚೈನು, ಗೇರ್‌ಬಾಕ್ಸ್ ತಿನ್ನುತ್ತವೆ.

5. ಟೈರ್ ಕೊಯ್ದು ಹಾಕುವುದು

ಲಾರಿ ಟೈರಿನ ತುಂಡು ಕೊಯ್ದು ತುಂಬುವುದು, ಸವೆದ ರಬ್ಬರಿಗೆ ಟ್ಯೂಬಿನ ಚೂರು ಸಿಕ್ಕಿಸುವುದು ನಮ್ಮ ಕಡೆಯ ಹಳೇ ಪದ್ಧತಿ. ಚಂದ್ರಗುತ್ತಿಯ ದಾರಿಯಲ್ಲಿ ಗಾಡಿ ಕೈಕೊಟ್ಟಾಗ ಮನೆ ಮುಟ್ಟಲು ಸಾಕು, ಅಷ್ಟೇ.

ಎಲ್ಲೂ ಸಿಗದಿದ್ದರೆ ಪೀಣ್ಯದಲ್ಲಿ ರಬ್ಬರ್ ಅಚ್ಚು ಹಾಕಿಕೊಡುವವರಿದ್ದಾರೆ. ಖರ್ಚೆಲ್ಲ ಡೈಗೆ. ಅದೇ ಗಾಡಿಯ ನಾಲ್ಕೈದು ಜನ ಸೇರಿ ಹಂಚಿಕೊಂಡರೆ ಹಗುರ. ಗಡಸುತನ ಎಷ್ಟು ಎಂದು ಅವರು ಕೇಳುತ್ತಾರೆ. ಶೋರ್ ಎ ಮಾಪಕದಲ್ಲಿ 65ರಿಂದ 70 ಎಂದು ನಾನು ಹೇಳುತ್ತೇನೆ.

6. ಕೂರಿಸುವಾಗ ಎಣ್ಣೆ ಬೇಡ, ಗ್ರೀಸ್ ಬೇಡ

ಸರಿಯಾದ ಅಳತೆಯ ರಬ್ಬರ್ ಬಿಗಿಯಾಗಿಯೇ ಇರುತ್ತದೆ. ಸೋಪಿನ ನೀರು ಹಚ್ಚಿ. ಚಕ್ರವನ್ನು ನೆಲದ ಮೇಲೆ ಮಲಗಿಸಿ, ಆರೂ ತುಂಡನ್ನು ಸ್ವಲ್ಪ ವಾಲಿಸಿ ನಿಲ್ಲಿಸಿ, ಡ್ರಮ್ಮನ್ನು ಮೇಲಿಟ್ಟು ಮೈಭಾರ ಬಿಟ್ಟು ಒತ್ತುತ್ತಾ ತಿರುಗಿಸಿದರೆ ಒಳಗಿಳಿಯುತ್ತದೆ. ಎಣ್ಣೆ ಹಚ್ಚಿದರೆ ಇನ್ನೂ ಸಲೀಸಾಗಿ ಹೋಗುತ್ತದೆ, ಆದರೆ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ. ಹಬ್ಬನ್ನು ಡೀಸೆಲ್ಲಿನಲ್ಲಿ ತೊಳೆಯುವ ಚಟವೂ ಇದೇ ಕಾರಣಕ್ಕೆ ಕೆಟ್ಟದ್ದು.

ಡ್ರಮ್ಮಿನ ಧೂಳನ್ನು ಊದಬೇಡಿ, ಗಾಳಿ ಪೈಪೂ ಹಿಡಿಯಬೇಡಿ. ಹಳೇ ಲೈನರುಗಳಲ್ಲಿ ಕಲ್ನಾರು ಇರುತ್ತಿತ್ತು, ಶ್ವಾಸಕೋಶಕ್ಕೆ ಕೆಟ್ಟದ್ದು. ಒದ್ದೆ ಬಟ್ಟೆಯಲ್ಲಿ ಒರೆಸಿ.

ಚಕ್ರ ಹಾಕಿದ ಮೇಲೆ ಬ್ರೇಕ್ ಪ್ಲೇಟಿನ ನಟ್ಟನ್ನು ಪೂರ್ತಿ ಬಿಗಿಯುವ ಮೊದಲು ಬ್ರೇಕನ್ನು ಜೋರಾಗಿ ಒತ್ತಿ ಹಿಡಿಯಿರಿ. ಶೂಗಳು ನಡುವಿಗೆ ಬರುತ್ತವೆ, ಆಗ ಬಿಗಿಯಿರಿ. ಚೈನಿನ ಸಡಿಲ, ಬ್ರೇಕ್ ರಾಡಿನ ಹೊಂದಾಣಿಕೆ ಎರಡನ್ನೂ ಹೊಸದಾಗಿ ನೋಡಿ.

7. ಎರಡು ಸೆಟ್ ಕೊಂಡಿಡಬೇಡಿ

ಮುಂದೆ ಸಿಗದಿದ್ದರೆ ಎಂಬ ಭಯಕ್ಕೆ ಹಲವರು ಇನ್ನೊಂದು ಸೆಟ್ ತಂದು ಅಟ್ಟದ ಮೇಲಿಡುತ್ತಾರೆ. ನಾಲ್ಕನೇ ಪಾಠದಲ್ಲಿ ಹೇಳಿದ ಗತಿಯೇ ಅದಕ್ಕೂ. ಅದರ ಬದಲು ಗೂಡಿನ ಅಳತೆ, ತಂದ ಅಂಗಡಿಯ ಫೋನ್ ನಂಬರು, ಹಾಕಿದ ತಿಂಗಳು ಇಷ್ಟನ್ನು ಟೂಲ್‌ಬಾಕ್ಸಿನ ಮುಚ್ಚಳದ ಒಳಗೆ ಪೇಂಟಿನಲ್ಲಿ ಬರೆದಿಡಿ. ಪೆನ್ನಿನಲ್ಲಿ ಬರೆದರೆ ಮಲೆನಾಡಿನ ಒಂದು ಮಳೆಗಾಲಕ್ಕೆ ಅಳಿಸಿಹೋಗುತ್ತದೆ.